ಮೇಣ ಮುಟ್ಟಕೂಡದು

ಡಿಸೆಂಬರ್ ೨೭

ಶ್ರೀಮನ್ಮಹಾರಾಜಾಧಿರಾಜ, ಪರ್ವತಮಂಡಲಾಧೀಶ್ವರ, ಶತಪತ್ರಶೋಭಿತ, ಹಿಂಬದಿಯ ರಟ್ಟಿನಲ್ಲಿ ಮಗ್ಗಿಯನ್ನೂ ಮುಂಬದಿಯ ರಟ್ಟಿನಲ್ಲಿ ಯಾವನೋ ಕಾಲ್ಚೆಂಡಾಟಗಾರನ ಅರ್ಧ ಮುಖವನ್ನೂ ಧರಿಸಿರುವ ನೋಟ್‌ಬುಕ್ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ಯಿಚ್‌ವಿತ್ಸ್ ಊರಿನ ತುಮಾಷ್ ತಾತನ ಮೊಮ್ಮಗ, ಹತ್ತೊಂಬತ್ತು ತುಂಬಿದರೂ ಬುದ್ಧಿ ತುಂಬದ (ಇದು ಊರಿನ ಅಭಿಪ್ರಾಯ) ಪಲಾಸ್ ಎಂಬ ಪಾಮರನು ಸಾಷ್ಟಾಂಗ ಎರಗಿ ಮಾಡಿಕೊಳ್ಳುವ ವಿಜ್ಞಾಪನೆಗಳು. ಇತ್ತ ಕ್ಷೇಮವಿಲ್ಲ. ಅತ್ತಲಿನ ಕ್ಷೇಮ ವಿಚಾರಿಸುವ ಮನಸ್ಸೂ ಇಲ್ಲ.

ನಡೆದದ್ದು ಇಷ್ಟು. ಕ್ರಿಸ್‌ಮಸ್ ಮೆರವಣಿಗೆಯಲ್ಲಿ ಧೂಪದ ಬಟ್ಟಲಿಗೆ ಯಾರೋ ಒಣಮೆಣಸಿನಕಾಯಿ ಹಾಕಿದರು. ವಿಗ್ರಹ ಹೊತ್ತವರು ಕೆಮ್ಮಿದರು, ಹಾಡುವವರು ಕೆಮ್ಮಿದರು, ಮೇರಿ ಮಾತೆ ಕೂಡ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓಲಾಡಿದಳು. ಆ ‘ಯಾರೋ’ ನಾನೇ ಎಂದು ತೀರ್ಮಾನಿಸಲು ಊರಿಗೆ ಸಾಕ್ಷಿ ಬೇಕಾಗಲಿಲ್ಲ. ನಾನೇ, ಅದು ಬೇರೆ ಮಾತು.

ಮನೆಯಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶರು ಮಹಾಸನ್ನಿಧಾನ ತುಮಾಷ್ ತಾತ. ಸಾಲಾಗಿ ಜೋಡಿಸಿದ ಮರದ ಪಟ್ಟಿಗಳನ್ನು ಮೂವರು ನಿಂತು ಕೋಲಿನಿಂದ ಬಾರಿಸುವ ನಮ್ಮ ಮರಿಂಬದ ತೆಳು ದನಿಯ ತುದಿಯಲ್ಲಿ, ಮುಖ್ಯ ರಾಗದ ತಲೆಕೋಲು ಹಿಡಿಯುವವರು ಅವರು. ನಡುವೆ ನಿಲ್ಲುವವನು ನನ್ನ ಚಿಕ್ಕಪ್ಪನ ಮಗ ಯುವರಾಜ ಮೆಕೆಲ್. ದಪ್ಪ ತುದಿಯಲ್ಲಿ, ಎಮ್ಮೆ ಗುಟುರು ಹಾಕಿದಂತೆ ಬಾರಿಸುತ್ತ ನಿಲ್ಲುವವನು ನಾನು. ತೀರ್ಪು ಹೀಗಿತ್ತು: “ಇನ್ಮೇಲೆ ಮೇಣದ ಚೀಲ ಮುಟ್ಟಿದ್ರೆ ಕೈ ಮುರೀತೀನಿ.”

ಮೇಣ ಎಂದರೆ ಮೇಣದಬತ್ತಿಯದಲ್ಲ. ಕಾಡಿನ ಸಣ್ಣ ಜೇನಿನ ಕರಿ ಮೇಣ. ಮರಿಂಬದ ಪಟ್ಟಿಯ ಅಡಿಗೆ ಒಂದು ಚಿಟಿಕೆ ಅಂಟಿಸಿದರೆ ಸ್ವರ ಇಳಿಯುತ್ತದೆ, ಕೆರೆದರೆ ಏರುತ್ತದೆ. ನಮ್ಮ ಮನೆಯಲ್ಲಿ ಆ ಚೀಲ ತಲೆಕೋಲು ಹಿಡಿದವನ ಸೊಂಟಕ್ಕೇ ಮೀಸಲು. ಫೆಬ್ರವರಿ ಎರಡಕ್ಕೆ ಊರಿನ ಹಬ್ಬ, ಕಾಂದೆಲಾರಿಯಾ. ಹಬ್ಬದ ಕೊನೆಯ ಕುಣಿತ ಮುಗಿದ ಮೇಲೆ ತಲೆಕೋಲನ್ನೂ ಚೀಲವನ್ನೂ ಇಬ್ಬರು ಮೊಮ್ಮಕ್ಕಳಲ್ಲಿ ಒಬ್ಬನಿಗೆ ಕೊಟ್ಟುಬಿಡುತ್ತೇನೆ ಎಂದು ತಾತ ಇಂದೇ ಘೋಷಿಸಿದ್ದಾರೆ. ಘೋಷಿಸುವಾಗ ನನ್ನ ಕಡೆ ನೋಡಲಿಲ್ಲ.

ನನಗೆ ಬೇಡ. ಮಹಾಪ್ರಭುಗಳು ಇದನ್ನು ದಪ್ಪ ಅಕ್ಷರದಲ್ಲಿ ದಾಖಲಿಸಿಕೊಳ್ಳಬೇಕು. ನನಗೆ ಬೇಡವೇ ಬೇಡ. ನಮ್ಮ ಅಪ್ಪ ಇದ್ದಿದ್ದರೆ ಅವನಿಗೆ ಹೋಗಬೇಕಿತ್ತು. ಅವನಿಲ್ಲ.

ಈ ಪುಸ್ತಕದಲ್ಲಿ ಒಂದಕ್ಷರವೂ ಸುಳ್ಳು ಬರೆಯುವುದಿಲ್ಲವೆಂದು ಕಾಲ್ಚೆಂಡಾಟಗಾರನ ಉಳಿದರ್ಧ ಮುಖದ ಮೇಲೆ ಆಣೆ ಇಡುತ್ತೇನೆ. ಊರಿಗೆ ಹೇಳಲು ಸುಳ್ಳು ಬೇಕಾದಷ್ಟಿದೆ. ಇಲ್ಲಿ ಬೇಡ.

ಇನ್ನೊಂದು ದೂರು. ಎವುಲ್ ಅಜ್ಜಿಗೆ ಏನೋ ಆಗಿದೆ. ಕೆಲವು ತಿಂಗಳಿಂದ ಉಪ್ಪು ಕೇಳುವುದೂ ಎದುರು ಗುಡ್ಡದವರನ್ನು ಕರೆದ ಹಾಗೆ. ಬೆಕ್ಕನ್ನೂ ಕೂಗಿಯೇ ಮಾತಾಡಿಸುತ್ತಾಳೆ. ಬೆಕ್ಕು ಮನೆ ಬಿಟ್ಟು ಹೋಗುವ ಯೋಚನೆಯಲ್ಲಿದೆ.

ಡಿಸೆಂಬರ್ ೩೦

ಮಹಾಪ್ರಭುಗಳೇ, ಸೇಡಿನ ಯೋಜನೆ ಸಿದ್ಧವಾಗಿದೆ. ಮುಟ್ಟಬೇಡ ಎಂದರಲ್ಲ, ಮುಟ್ಟಿಯೇ ತೀರುತ್ತೇನೆ.

ಹಬ್ಬದ ಮೊದಲ ಹಾಡಿನಲ್ಲಿ ತಾತನ ಕೋಲು ತಿರುಗಿ ತಿರುಗಿ ಒಂದೇ ಪಟ್ಟಿಗೆ ಬರುತ್ತದೆ, ಗೂಟಕ್ಕೆ ಕಟ್ಟಿದ ಕುರಿಯ ಹಾಗೆ. ಆ ಪಟ್ಟಿಯ ಅಡಿಗೆ ಮೆಕ್ಕೆಜೋಳದ ಕಾಳಿನಷ್ಟು ಮೇಣ. ಸಾಕು. ಸ್ವರ ಸೊಟ್ಟಗಾಗುತ್ತದೆ. ಹಿಂದೊಮ್ಮೆ ಪಕ್ಕದೂರಿನವರ ಮರಿಂಬದಲ್ಲಿ ಸೊಳ್ಳೆ ಕೂತಷ್ಟು ವ್ಯತ್ಯಾಸ ಬಂದದ್ದಕ್ಕೆ ತಾತ ಮದುವೆ ಊಟ ಬಿಟ್ಟು ಎದ್ದು ಬಂದಿದ್ದರು. ಈ ಸಲ ಮುಖ ಬೀಟ್‌ರೂಟ್ ಆಗುತ್ತದೆ. ಬಲಗಡೆಯ ಮೀಸೆ ಕುಣಿಯುತ್ತದೆ. ಮೆಕೆಲ್‌ನ ಮೇಲೆ ಅನುಮಾನ ಬೀಳುವ ಹಾಗೆ ಅವನ ಕೋಲಿನ ಹಿಡಿಗೂ ಸ್ವಲ್ಪ ಮೇಣ ಒರೆಸಿಟ್ಟರಾಯಿತು.

ಡಿಸೆಂಬರ್ ೩೧

ಮಾಡಿದೆ. ಮನೆಯ ಅಭ್ಯಾಸದಲ್ಲಿ ತಾತ ಆ ಹಾಡು ಬಾರಿಸಿದರು. ಸೊಟ್ಟ ಪಟ್ಟಿಗೆ ಕೋಲು ಬಿತ್ತು, ಮತ್ತೆ ಬಿತ್ತು, ಹಾಡಿನುದ್ದಕ್ಕೂ ಬಿತ್ತು. ಮೀಸೆ ಕುಣಿಯಲಿಲ್ಲ.

ಮೆಕೆಲ್‌ಗೂ ಗೊತ್ತಾಗಲಿಲ್ಲ. ಅದರಲ್ಲಿ ಆಶ್ಚರ್ಯವಿಲ್ಲ. ಅವನು ಕಟ್ಟಿಗೆ ಒಡೆಯುವ ಹಾಗೆ ಬಾರಿಸುತ್ತಾನೆ, ಕಟ್ಟಿಗೆಯಿಂದ ಯಾರೂ ಸ್ವರ ಕೇಳುವುದಿಲ್ಲ.

ಗೆದ್ದೆ ಅಂತ ಬರೆಯಬೇಕು ತಾನೇ. ಗೆದ್ದೆ. ಚಳಿ ಜಾಸ್ತಿ ಇತ್ತು, ಬೇಗ ಮಲಗಿದೆ.

ಜನವರಿ ೨

ಇವತ್ತು ಮೂರು ಪಟ್ಟಿಗಳಿಗೆ ಹಾಕಿದೆ. ಕಾಳಿನಷ್ಟಲ್ಲ, ಹೆಬ್ಬೆರಳಿನಷ್ಟು. ಕತ್ತೆಗೂ ಕೇಳಿಸಬೇಕು ಅಷ್ಟು.

ತಾತ ಕಣ್ಣು ಮುಚ್ಚಿಕೊಂಡು ಪೂರ್ತಿ ಹಾಡು ಬಾರಿಸಿದರು. ಓಣಿಯಲ್ಲಿ ಆಲೂಗಡ್ಡೆ ಹೊತ್ತು ಹೋಗುತ್ತಿದ್ದ ಹೆಂಗಸು ನಿಂತು, ನಮ್ಮ ಬಾಗಿಲ ಕಡೆ ತಿರುಗಿ ನೋಡಿದಳು. ತಾತನ ತುಟಿಯಲ್ಲಿ ನಗು ಇತ್ತು. ಮೊದಲು ನನ್ನ ಅಪ್ಪ ಚೆನ್ನಾಗಿ ಬಾರಿಸಿದಾಗ ಹಾಗೆ ನಗುತ್ತಿದ್ದರಂತೆ.

ಆಗ ಅಜ್ಜಿ ಒಳಗಿಂದ ಓಡಿ ಬಂದು, ಕೊಡ ಎಲ್ಲಿ, ನೀರು ಯಾರು ತರುತ್ತಾರೆ, ಈ ಮನೆಯಲ್ಲಿ ನನ್ನ ಮಾತು ಕೇಳುವವರೇ ಇಲ್ಲವೇ ಎಂದು ಗಂಟಲು ಹರಿಯುವಂತೆ ಕೂಗಿದಳು. ಹಾಡು ನಿಂತಿತು. ಆಲೂಗಡ್ಡೆಯವಳು ನಕ್ಕು ಮುಂದೆ ಹೋದಳು. ತಾತ ಗೊಣಗುತ್ತ ಕೋಲು ಇಟ್ಟು, ಚರ್ಚಿನ ಗೋಡೆಯ ಬಿಸಿಲಿಗೆ ಕೂರಲು ಹೊರಟುಹೋದರು. ಮೆಕೆಲ್‌ನನ್ನು ಅಜ್ಜಿಯೇ ನೀರಿಗೆ ಅಟ್ಟಿದಳು.

ಆಮೇಲೆ ನನ್ನ ಹತ್ತಿರ ಬಂದು, ಎಷ್ಟೋ ತಿಂಗಳಲ್ಲಿ ಮೊದಲ ಸಲ, ಮೆತ್ತಗೆ ಮಾತಾಡಿದಳು.

“ತೆಗಿ ಅದನ್ನ.”

“ಯಾವುದನ್ನ?”

“ನಾನು ಕಿವುಡಿ ಅಲ್ಲ ಕಣೋ.”

‘ನಾನು’ ಎಂಬುದನ್ನು ಒತ್ತಿ ಹೇಳಿದ ಹಾಗಿತ್ತು. ಆಗ ಅರ್ಥವಾಯಿತು. ಉಪ್ಪು, ಬೆಕ್ಕು, ಎದುರು ಗುಡ್ಡ, ಎಲ್ಲ. ತಾತನೊಬ್ಬರಿಗೇ ಕೂಗಿ ಹೇಳಿದರೆ ಊರಿಗೆ ಗೊತ್ತಾಗುತ್ತದೆಂದು ಅವಳು ಎಲ್ಲರಿಗೂ ಕೂಗುತ್ತಿದ್ದಾಳೆ.

ಜನವರಿ ೩

ಆಲೂಗಡ್ಡೆ ಅಗೆದೆ.

ಜನವರಿ ೬

ಅಜ್ಜಿ ಸೊಪ್ಪು ಬಿಡಿಸುತ್ತ ಸ್ವಲ್ಪ ಸ್ವಲ್ಪವೇ ಹೇಳಿದಳು. ದಪ್ಪ ದನಿ ತಾತನಿಗೆ ಕೇಳಿಸುತ್ತದೆ. ಗುಡುಗು, ಲಾರಿ, ನನ್ನ ಎಮ್ಮೆಸ್ವರ, ಇವೆಲ್ಲ. ಸಣ್ಣ ದನಿ ಕೇಳಿಸುವುದಿಲ್ಲ. ಹಕ್ಕಿ ಹೋಯಿತು, ಮಕ್ಕಳು ಹೋದರು, ಅವಳ ಮಾತು ಹೋಯಿತು, ಕೊನೆಗೆ ಅವರ ತುದಿಯ ಪಟ್ಟಿಗಳೂ ಹೋದವು. ಅದು ತಮ್ಮ ಕಿವಿ ಎಂದು ಅವರಿಗೆ ಹೊಳೆದೇ ಇಲ್ಲ. ಚಳಿಗೆ ಮರ ಬಾಯಿ ಮುಚ್ಚಿಕೊಂಡಿದೆ ಅಂತ ತಿಳಿದಿದ್ದಾರೆ.

ಹೇಳಿಬಿಡಬಾರದಾ ಎಂದೆ.

ಅದಕ್ಕೆ ಅವಳು ಒಂದು ಹಳೆಯ ಸಂಗತಿ ಹೇಳಿದಳು. ತಲೆಕೋಲು ಮೊದಲು ತಾತನ ಅಣ್ಣನ ಕೈಯಲ್ಲಿತ್ತು. ಅವನ ಕಿವಿ ಹೋದದ್ದನ್ನು ಕಂಡುಹಿಡಿದವರು ತಾತ. ಹಬ್ಬದ ದಿನ, ಕುಣಿತದ ನಡುವೆ, ಎಲ್ಲರೆದುರು ಕೋಲು ಕಿತ್ತುಕೊಂಡರು. ಹಾಡು ನಿಲ್ಲಲಿಲ್ಲ, ಅದೇ ದೊಡ್ಡಸ್ತಿಕೆ ಎಂದು ಆಗ ಊರೆಲ್ಲ ಹೊಗಳಿತು. ಆ ಅಣ್ಣ ಮತ್ತೆ ಮರಿಂಬ ಕೇಳಿಸುವ ಓಣಿಗೆ ಕಾಲಿಡಲಿಲ್ಲ, ಸತ್ತ ಮೇಲೆಯೂ ಈ ಓಣಿ ತಪ್ಪಿಸಿ ಹೆಣ ಒಯ್ಯಬೇಕಾಯಿತು. ಅವನೇ ಹಾಗೆ ಹೇಳಿಟ್ಟಿದ್ದನಂತೆ.

“ಅವರಿಗೆ ಗೊತ್ತಾದ್ರೆ ಯಾರೂ ಕಿತ್ಕೊಳ್ಳೋದು ಬೇಡ,” ಎಂದಳು ಅಜ್ಜಿ. “ತಮ್ಮ ಕೈನ ತಾವೇ ಕಡ್ಕೋತಾರೆ.”

ಚೆನ್ನಾಗಿದೆ. ಮಾಡಿದ್ದುಣ್ಣಲಿ. ನನಗೇನು.

ಜನವರಿ ೮

ತಾತ ಹಬ್ಬಕ್ಕೆ ಶ್ರುತಿ ಮಾಡಲು ಕೂತರು. ಚಾಕು ಹಿಡಿದುಕೊಂಡು.

ಮಹಾಪ್ರಭುಗಳಿಗೆ ಮರದ ವಿಷಯ ತಿಳಿಯದು. ಈ ಪಟ್ಟಿಗಳು ತಾತನ ಅಜ್ಜನ ಕಾಲದವು. ಕೆಳಗಿನ ಬಿಸಿ ಕಾಡಿನಿಂದ ಬೆನ್ನ ಮೇಲೆ ಹೊತ್ತು ತಂದ ಮರ. ಈಗ ಆ ಕಾಡಿದ್ದ ಜಾಗದಲ್ಲಿ ತಾಳೆಎಣ್ಣೆಯ ತೋಟವಿದೆ. ಪಟ್ಟಿಯ ಹೊಟ್ಟೆ ಕೆತ್ತಿದರೆ ಸ್ವರ ಇಳಿಯುತ್ತದೆ. ತುದಿ ಕೆರೆದು ಸ್ವಲ್ಪ ಏರಿಸಬಹುದು, ಆದರೆ ಪಟ್ಟಿ ತೆಳ್ಳಗಾಗಿ ದನಿ ಬಡಕಲಾಗುತ್ತದೆ. ಮೇಣ ತೆಗೆಯಬಹುದು. ಕೆತ್ತಿದ ಮರವನ್ನು ಮತ್ತೆ ಹಚ್ಚುವವರು ಯಾರೂ ಇಲ್ಲ.

ಮರದ ಬಾಯಿ ಬಿಡಿಸುತ್ತೇನೆಂದು ತಾತ ಹೊರಟಿದ್ದಾರೆ. ದನಿ ಮೆತ್ತಗಾದ ಪಟ್ಟಿಗಳ ಹೊಟ್ಟೆ ಕೆತ್ತಿದರೆ ಉಸಿರು ಬರುತ್ತದಂತೆ. ಮೆತ್ತಗಾದದ್ದು ಪಟ್ಟಿಯಲ್ಲ. ನನ್ನ ಕಣ್ಣೆದುರಿಗೇ ಒಂದನ್ನು ತೆಗೆದುಕೊಂಡರು, ಅಚ್ಚುಕಟ್ಟಾದ, ಕೂದಲೆಳೆಯಷ್ಟೂ ತಪ್ಪಿಲ್ಲದ ಪಟ್ಟಿ. ಅದರ ಹೊಟ್ಟೆಯಿಂದ ಸುರುಳಿ ಸುರುಳಿಯಾಗಿ ಮರ ಎದ್ದು ಅವರ ಮಡಿಲಿಗೆ ಬಿತ್ತು. ಬಾರಿಸಿ ನೋಡಿ ತಲೆಯಾಡಿಸಿ ಇನ್ನೂ ಸ್ವಲ್ಪ ಕೆತ್ತಿದರು.

ನಾನು ಪಕ್ಕದಲ್ಲಿ ನಿಂತಿದ್ದೆ. ಸುರುಳಿಗಳನ್ನು ಅಜ್ಜಿ ಒಲೆಗೆ ಹಾಕಲಿಲ್ಲ, ಒಂದು ಡಬ್ಬಿಯಲ್ಲಿ ಎತ್ತಿಟ್ಟಳು. ಯಾಕೋ ಗೊತ್ತಿಲ್ಲ.

ಹಬ್ಬದ ಯಜಮಾನಿಕೆ ಈ ವರ್ಷ ಲೋಲೆನ್ ಮಾವನದು. ಕೆಳಗಿನ ಪೇಟೆಯ ಧ್ವನಿವರ್ಧಕದವರು ಆಗಲೇ ಅವರ ಮನೆಗೆ ಎರಡು ಸಲ ಹೋಗಿ ಬಂದಿದ್ದಾರೆಂದು ಸುದ್ದಿ. ಮರಿಂಬ ಸೊಟ್ಟಗಾದರೆ ಅವರಿಗೆ ಹಬ್ಬ.

ಜನವರಿ ೯

ಚಾಕು ಕಳವಾಗಿದೆ. ಊರು ತಿಳಿಯಬೇಕಾದ ಕಳ್ಳನನ್ನೇ ತಿಳಿಯಿತು. ಯಾಕೆಂದರೆ ಅದನ್ನು ಕೆಂಪು ರಿಬ್ಬನ್ನಿನಲ್ಲಿ ಕಟ್ಟಿ, ಟಗರಿನ ಕೊರಳಿಗೆ ಪದಕದ ಹಾಗೆ ತೂಗು ಹಾಕಿ, ಮುಂಜಾನೆಯೇ ಚೌಕದಲ್ಲಿ ಬಿಟ್ಟಿದ್ದೆ. ಟಗರು ಮಹಾಸೇನಾಧಿಪತಿಯ ಹಾಗೆ ಅಂಗಡಿ ಸಾಲು ಪರಿಶೀಲಿಸಿತು. ಚಾಕು ಮಾತ್ರ ನೋಡುನೋಡುತ್ತ ಎಲ್ಲೋ ಬಿದ್ದುಹೋಯಿತು. ಬಿದ್ದದ್ದು ಕಕ್ಕಸು ಗುಂಡಿಗೆ. ಅದನ್ನು ನಾನೇ ಬೀಳಿಸಿದೆ.

ತಾತ ಕೋಲಿನ ಹಿಡಿಯಿಂದ ಬೆನ್ನಿಗೆ ಕೊಟ್ಟರು. ರಬ್ಬರು ಸುತ್ತಿದ ತುದಿಯಿಂದ ಕೊಡಬಹುದಿತ್ತು.

“ಕತ್ತೆ ವಯಸ್ಸಾಯ್ತು, ಇನ್ನೂ ಇದೇನೋ?” ಎಂದ ಮೆಕೆಲ್.

ಯುವರಾಜರಿಗೆ ನಡು ಬಗ್ಗಿಸಿ ವಂದಿಸಿದೆ. ಬಗ್ಗಿದಾಗ ಬೆನ್ನು ಉರಿಯಿತು.

ಬೇರೆ ಚಾಕು ತಾತನಿಗೆ ಕೈಗೆ ಕೂರುವುದಿಲ್ಲ. ಹಾಗಾಗಿ ಈ ಸಲ ಮೇಣದಲ್ಲೇ ಮುಗಿಸುತ್ತೇನೆ ಎಂದಿದ್ದಾರೆ. ಅಷ್ಟು ಸಾಕು.

ಜನವರಿ ೧೫

ನಿತ್ಯಕರ್ಮ ಹೀಗಿದೆ. ಬೆಳಿಗ್ಗೆ ತಾತ ಮೇಣ ಹಚ್ಚುತ್ತಾರೆ, ಒಂದೂ ಸರಿಯಿರುವುದಿಲ್ಲ. ಮಧ್ಯಾಹ್ನ ಅವರು ಚರ್ಚಿನ ಗೋಡೆಗೆ ಒರಗಲು ಹೋಗುತ್ತಾರೆ, ಮೆಕೆಲ್ ಹೊಲಕ್ಕೆ ಹೋಗುತ್ತಾನೆ. ಅಜ್ಜಿ ಬಾಗಿಲಲ್ಲಿ ಕೂತು ಜೋಳ ಬಿಡಿಸುತ್ತಾಳೆ, ಯಾರಾದರೂ ಬಂದರೆ ಕೆಮ್ಮಲು. ಜೇನು ಮಾರುವವಳಿಂದ ಅವಳೇ ಕೊಂಡ ಮೇಣದ ಉಂಡೆಯನ್ನು ನಾದಿದ ಹಿಟ್ಟಿನೊಳಗೆ ಬಚ್ಚಿಟ್ಟು ಕೊಡುತ್ತಾಳೆ. ನಾನು ಮೊದಲಿಂದ ಕೊನೆಯವರೆಗೆ ಎಲ್ಲ ಸರಿಮಾಡುತ್ತೇನೆ.

ಎಂಥ ಬೇಸರದ ಕೆಲಸ. ಒಂದು ಪಟ್ಟಿಯನ್ನು ಮೆತ್ತಗೆ ತಟ್ಟಿ ಅದರ ಅಕ್ಕನನ್ನು, ಅಂದರೆ ಅದೇ ಸ್ವರದ ಕೆಳಗಿನ ಸ್ಥಾಯಿಯವಳನ್ನು, ತಟ್ಟಬೇಕು, ಇಬ್ಬರೂ ಜಗಳವಾಡುತ್ತಿದ್ದರೆ ಗಾಳಿಯಲ್ಲಿ ಒಂದು ನಡುಕ ಬರುತ್ತದೆ. ಮೇಣ ತುಸು ಕೆರೆದರೆ ನಡುಕ ನಿಧಾನವಾಗುತ್ತದೆ, ಇನ್ನೂ ತುಸು ಕೆರೆದರೆ ಅದು ನಿಂತು ಎರಡೂ ಒಂದೇ ಉಸಿರಾಗುತ್ತವೆ. ಮೇಣ ತಣ್ಣಗಿದ್ದರೆ ಒಂದು ಥರ, ಬೆರಳ ಬಿಸಿಗೆ ಇನ್ನೊಂದು ಥರ, ಅದಕ್ಕೇ ಹಚ್ಚಿದ ತಕ್ಷಣ ನಂಬಬಾರದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಬೇಕು. ತಾತ ಹಾಳುಮಾಡಿದ ಆ ಪಟ್ಟಿಗೆ ತುದಿ ಕೆರೆದು ಜೀವ ಕೊಟ್ಟಿದ್ದೇನೆ. ಬಡಕಲು ದನಿ, ಜ್ವರದಿಂದ ಎದ್ದವರ ಹಾಗೆ. ಅದಕ್ಕೆ ಮೆಲ್ಲಗೆ ಹೊಡೆಯಬೇಕೆಂದು ಯಾರಿಗೆ ಹೇಳುವುದು.

ಬೇಸರದ ಕೆಲಸ ಅಂತ ಹೇಳಿದೆನಲ್ಲ. ಮಧ್ಯಾಹ್ನದ ಊಟ ಇವತ್ತೂ ಮರೆತುಹೋಯಿತು.

ಪಕ್ಕದ ಮನೆಯವರು, ಮುದುಕರು ಈ ಚಳಿಯಲ್ಲೂ ಎಷ್ಟು ಶ್ರದ್ಧೆಯಿಂದ ಶ್ರುತಿ ಮಾಡುತ್ತಾರೆ ನೋಡು, ನೀನೂ ಇದ್ದೀಯ ದಂಡ ಎಂದು ನನಗೇ ಉಪದೇಶ ಮಾಡಿದರು. ಕೈಕಟ್ಟಿ ಕೇಳಿದೆ. ಉಗುರಿನ ಸಂದಿಯ ಕರಿ ಕಾಣದ ಹಾಗೆ ಕೈ ಕಟ್ಟಿದ್ದೆ.

ಜನವರಿ ೧೯

ಇವತ್ತು ತಾತ ಚರ್ಚಿನಿಂದ ಬೇಗ ಬಂದರು. ನಾನು ಮೂಲೆಯಲ್ಲಿ ಕೋಲುಗಳಿಗೆ ರಬ್ಬರು ಸುತ್ತುತ್ತಿದ್ದೆ. ಅವರು ಮರಿಂಬದ ಮೇಲಿನ ಕಂಬಳಿ ಸರಿಸಿ, ಒಂದು ಸಲ ಮೇಲಿಂದ ಕೆಳಗಿನವರೆಗೆ ಕೋಲು ಹರಿಸಿದರು. ಆಮೇಲೆ ಕೋಲು ಇಟ್ಟು, ಪಟ್ಟಿಗಳ ಮೇಲೆ ಅಂಗೈ ಇಟ್ಟುಕೊಂಡು ತುಂಬ ಹೊತ್ತು ನಿಂತರು. ಕುರಿ ಮರಿ ಹಾಕುವಾಗ ಹೊಟ್ಟೆ ಮುಟ್ಟಿ ನೋಡುತ್ತಾರಲ್ಲ, ಹಾಗೆ.

ನನ್ನ ಕಡೆ ತಿರುಗದೆ ಹೇಳಿದರು: “ಕಿವಿ ಇರೋನು ಯಾರೋ ಇದನ್ನ ಮುಟ್ಟಿದಾನೆ.”

ಅಷ್ಟೇ. ನನಗೇನೂ ಅನಿಸಲಿಲ್ಲ. ದಾಖಲೆಗಾಗಿ ಬರೆದಿಟ್ಟೆ.

ಜನವರಿ ೨೩

ಮಕ್ಕಳು ಬಂದು, ಪಲಾಸಣ್ಣ, ಯಾಕೆ ಈಗ ಏನೂ ಮಾಡಲ್ಲ, ಹುಷಾರಿಲ್ವಾ ಎಂದು ಕೇಳಿದರು. ಕಲೆಯಲ್ಲಿ ಹೊಸ ಪ್ರಯೋಗಗಳ ತಯಾರಿಯಲ್ಲಿದ್ದೇನೆ, ತೊಂದರೆ ಕೊಡಬಾರದು ಎಂದೆ.

ಹಿಮ ಬಿದ್ದು ಮರಿಂಬದ ಕೆಳಗಿನ ಪೆಟ್ಟಿಗೆಗಳ ಪೊರೆ ಬಿರಿದಿದೆ. ಆ ಪೊರೆಯೇ ಝುಂಯ್ ಎಂದು ಅಳುವುದು, ಅದಿಲ್ಲದಿದ್ದರೆ ಮರಿಂಬ ಬರೀ ಹಲಗೆ. ಅಜ್ಜಿಯೂ ನಾನೂ ಹಂದಿ ಕರುಳು ತೊಳೆದು, ಊದಿ, ಒಣಹಾಕಿದೆವು. ಮೆಕೆಲ್ ಮೂಗು ಹಿಡಿದುಕೊಂಡು ಹೋದ. ತಲೆಕೋಲಿನ ವಾರಸುದಾರ.

ಜನವರಿ ೨೬

ಲೋಲೆನ್ ಮಾವ ಬಂದರು. ಹಬ್ಬಕ್ಕೆ ಮರಿಂಬ ಹೇಳುವ ಮೊದಲು ಒಂದು ಸಲ ಕೇಳಿ ಹೋಗುವುದು ಯಜಮಾನರ ಪದ್ಧತಿ. ಹೊಸ ಟೋಪಿ ಹಾಕಿದ್ದರು. ಬಾರಿಸಿದೆವು, ಚೆನ್ನಾಗಿಯೇ ಬಂತು, ಮಾವ ಕಾಲು ಕುಟ್ಟುತ್ತ ಕೇಳಿದರು. ಹಾಡು ಮುಗಿದು ತಾತ ಕಂಬಳಿ ಹೊದಿಸಲು ಆ ಕಡೆ ತಿರುಗಿದರು. ಆಗ ಮಾವ ಅವರ ಬೆನ್ನ ಹಿಂದೆ ನಿಂತು, ತಮ್ಮ ತೆಳು ದನಿಯಲ್ಲಿ, “ತುಮಾಷಣ್ಣ, ಎರಡು ದಿನ ಬಾರಿಸ್ತೀರೋ, ಮೂರು ದಿನಾನೋ?” ಎಂದರು.

ತಾತ ಕಂಬಳಿ ಹೊದಿಸುತ್ತಲೇ ಇದ್ದರು.

“ತುಮಾಷಣ್ಣ.”

ಅಜ್ಜಿ ಒಳಗೆ ಒಲೆಯ ಹತ್ತಿರ ಇದ್ದಳು, ಓಡಿ ಬರುವಷ್ಟು ಹೊತ್ತಿರಲಿಲ್ಲ. ಮಾವನ ಹುಬ್ಬು ಮೇಲೇರುವುದು ಕಂಡಿತು. ಹಬ್ಬಕ್ಕೆಂದು ತಂದು ಬುಟ್ಟಿಯಲ್ಲಿ ಮುಚ್ಚಿಟ್ಟಿದ್ದ ಟರ್ಕಿ ಕೋಳಿ ನನ್ನ ಕಾಲ ಬಳಿಯೇ ಇತ್ತು. ಬುಟ್ಟಿ ಒದ್ದೆ. ಕೋಳಿ ನೇರ ಹಾರಿ ಹೊಸ ಟೋಪಿಯ ಮೇಲೆ ಕೂತು, ಗಾಬರಿಯಲ್ಲಿ ಕೋಳಿಗಳು ಮಾಡುವ ಕೆಲಸವನ್ನೇ ಮಾಡಿತು.

ಟೋಪಿ ತೊಳೆದುಕೊಟ್ಟದ್ದಾಯಿತು. ಮೂರು ದಿನ ಎಂದು ಅಜ್ಜಿ ಕೂಗಿ ಹೇಳಿದ್ದೂ ಆಯಿತು. ಹೋಗುವಾಗ ಮಾವ, ಮರಿಂಬಕ್ಕೆ ಮಾತಿಲ್ಲ, ಆದರೆ ಈ ಹುಡುಗನಿಗೆ ಬುದ್ಧಿ ಬರುವುದು ಯಾವಾಗ ಎಂದರು. ತಾತ ಅವರ ಬಾಯಿಯನ್ನೇ ನೋಡುತ್ತಿದ್ದರು. ಆ ಮಾತು ಅವರಿಗೆ ತಿಳಿಯಿತು. ತಲೆ ತಗ್ಗಿಸಿದರು. ಅವರು ಯಾರ ಮುಂದಾದರೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಮಾವ ಹೋದ ಮೇಲೆ ನನಗೆ ಬೈಯಲಿಲ್ಲ. “ನಿನ್ನ ಕೈಗೆ ನಾನು ಏನನ್ನ ನಂಬಿ ಕೊಡಲೋ,” ಎಂದರು. ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಬೆನ್ನಿಗೆ ಕೊಟ್ಟಿದ್ದರೆ ಒಳ್ಳೆಯದಿತ್ತು.

ಫೆಬ್ರವರಿ ೧

ನಾಳೆ ಹಬ್ಬ. ಮರಿಂಬಕ್ಕೆ ಧೂಪ ಹಾಕಿ ನಾಟಿ ಸಾರಾಯಿ ಚಿಮುಕಿಸಿ, ಅಜ್ಜಿ ಎಂದಿನಂತೆ ಅದಕ್ಕೆ ಊಟಕ್ಕೆ ಬಾ ಎಂದು ಹೇಳಿದಳು. ಆಮೇಲೆ ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ತಮಾಲ್ ಕಟ್ಟಲು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ನಾನು ಎಲೆ ಒರೆಸಿ ಕೊಡುತ್ತಿದ್ದೆ.

“ನಿನಗೆ ಬೇಕಿದ್ರೆ ಹೇಳು ಅವರಿಗೆ,” ಎಂದಳು. “ಇಷ್ಟು ದಿನ ಮಾಡ್ದೋನು ನೀನೇ ಅಂತ. ನಾನು ಅಡ್ಡ ಬರಲ್ಲ.”

ಹೇಳಿದರೆ ಚೀಲ ನನಗೆ. ಅದು ಅವಳಿಗೂ ಗೊತ್ತು. ಹೇಳಿದರೆ ತಾತ ಈ ಓಣಿಯಲ್ಲಿ ಇರುವುದಿಲ್ಲ. ಅದೂ ಗೊತ್ತು.

ಎಲೆ ಹರಿದಿದೆ, ಬೇರೆ ಕೊಡು ಎಂದೆ. ಎಲೆ ಕೊಡುತ್ತಿದ್ದವನು ನಾನೇ.

ಫೆಬ್ರವರಿ ೪

ಮೂರು ದಿನವೂ ಬಾರಿಸಿದೆವು. ಚರ್ಚಿನ ಕಟ್ಟೆಯ ಮೇಲೆ, ಆಮೇಲೆ ಲೋಲೆನ್ ಮಾವನ ಅಂಗಳದಲ್ಲಿ. ದೊಡ್ಡ ಮಾತಲ್ಲ, ಆದರೂ ದಾಖಲಾಗಲಿ: ನಮ್ಮ ಮರಿಂಬ ಈ ಜನ್ಮದಲ್ಲಿ ಹಾಗೆ ಅತ್ತಿರಲಿಲ್ಲ. ಮುದುಕಿಯರು ಕುಣಿಯುವುದನ್ನು ನಿಲ್ಲಿಸಿ ಸುಮ್ಮನೆ ಕೇಳುತ್ತ ನಿಂತರು. ಬಡಕಲು ಪಟ್ಟಿಯೂ ಹೊಂದಿಕೊಂಡಿತು. ತಾತನ ಕೈಗಳು ಕೇಳಿಸದ ಸ್ವರಗಳ ಮೇಲೆ ಓಡಾಡುತ್ತಿದ್ದವು, ಕುರುಡ ತನ್ನ ಮನೆಯೊಳಗೆ ಓಡಾಡುವ ಹಾಗೆ, ಎಲ್ಲೂ ತಾಗದೆ.

ಕೊನೆಯ ಕುಣಿತ ಮುಗಿಯಿತು. ಲೋಲೆನ್ ಮಾವ ಲೋಟ ಎತ್ತಿ, ಈ ವಯಸ್ಸಿನಲ್ಲೂ ಇದೇನು ಕಿವಿ ತುಮಾಷಣ್ಣ, ನಿಮ್ಮಂಥವರು ಇನ್ನು ಹುಟ್ಟುವುದಿಲ್ಲ ಎಂದರು. ತಾತನಿಗೆ ಕೇಳಿಸಲಿಲ್ಲ. ಅಜ್ಜಿ ಗುಂಪಿನಾಚೆ ಇದ್ದಳು. ನಾನೇ ಅವರ ಕಿವಿಯ ಹತ್ತಿರ ಬಾಯಿಟ್ಟು, ನನ್ನ ಎಮ್ಮೆಸ್ವರದಲ್ಲಿ, ಆ ಹೊಗಳಿಕೆಯನ್ನು ಒಂದಕ್ಷರ ಬಿಡದೆ ಹೇಳಿದೆ. ಬಲಗಡೆಯ ಮೀಸೆ ಕುಣಿಯಿತು.

ಆಮೇಲೆ ಸೊಂಟದಿಂದ ಚೀಲ ಬಿಚ್ಚಿದರು.

“ಪಲಾಸನ ಕೈ ಚೆನ್ನಾಗಿದೆ,” ಎಂದರು ತಾತ. “ನಾನು ಇಲ್ಲ ಅನ್ನಲ್ಲ. ಆದ್ರೆ ಮೇಣ ಇವನ ಕೈಗೆ ಕೊಟ್ರೆ ಒಂದಿನ ತಮಾಷೆಗೆ ಇಡೀ ಊರನ್ನೇ ಸೊಟ್ಟ ಮಾಡಿಬಿಡ್ತಾನೆ.”

ಜನ ನಕ್ಕರು. ಚೆನ್ನಾಗಿ ನಕ್ಕರು, ಯಾಕೆಂದರೆ ಟಗರು, ಟರ್ಕಿ ಕೋಳಿ, ಮೆಣಸಿನ ಧೂಪ ಎಲ್ಲ ನೆನಪಿತ್ತು. ಚೀಲವೂ ತಲೆಕೋಲೂ ಮೆಕೆಲ್‌ನ ಕೈಗೆ ಹೋದವು. ಅವನ ಕಣ್ಣಲ್ಲಿ ನೀರು ಬಂತು, ಪಾಪ. ನಾನು ಟೋಪಿ ತೆಗೆದು ನೆಲಕ್ಕೆ ಮುಟ್ಟುವ ಹಾಗೆ ಬಾಗಿ ಹೊಸ ಚಕ್ರವರ್ತಿಗಳಿಗೆ ವಂದಿಸಿದೆ. ಮತ್ತೆ ನಕ್ಕರು. ಬಾಗಿದ್ದವನು ಏಳಲು ಸ್ವಲ್ಪ ತಡಮಾಡಿದೆ. ಅದಕ್ಕೂ ನಕ್ಕರು.

ಅಜ್ಜಿ ಮಾತ್ರ ನಗಲಿಲ್ಲ. ಮನೆಗೆ ಬರುವಾಗ ನನ್ನ ಕೈ ಹಿಡಿದುಕೊಂಡು ಬಂದಳು. ನನಗೇನು ದಾರಿ ಗೊತ್ತಿಲ್ಲವೇ.

ಫೆಬ್ರವರಿ ೯

ಮೆಕೆಲ್ ಇಂದು ಮೊದಲ ಸಲ ಮೇಣ ಹಚ್ಚಿದ. ಹಟ್ಟಿಗೆ ಸಗಣಿ ಬಳಿಯುವವರೂ ಅದಕ್ಕಿಂತ ನಾಜೂಕಾಗಿ ಬಳಿಯುತ್ತಾರೆ. ತಾತ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ತಲೆಯಾಡಿಸುತ್ತ ಕೇಳಿದರು. ಸರಿಯಾಗಿದೆ ಕಣೋ, ಸರಿಯಾಗಿದೆ ಎಂದು ಎರಡು ಸಲ ಹೇಳಿದರು.

ಮುಂದಿನ ವಾರ ಮೇಲಿನ ಓಣಿಯಲ್ಲಿ ಮದುವೆ ಇದೆ. ಮಧ್ಯಾಹ್ನ ತಾತ ಚರ್ಚಿಗೆ ಹೋದರು. ಚಕ್ರವರ್ತಿಗಳು ಹೊಲಕ್ಕೆ ಹೋದರು. ಅಜ್ಜಿ ಏನೂ ಕೇಳದೆ ಬಾಗಿಲಲ್ಲಿ ಜೋಳದ ಮೊರ ಹಾಕಿಕೊಂಡು ಕೂತಳು. ಹಿಟ್ಟಿನ ಉಂಡೆ ಒಲೆಯ ದಿಂಡಿನ ಮೇಲಿತ್ತು.

ಎಲ್ಲ ಸರಿಮಾಡಿದೆ. ಯಾರಿಗೋಸ್ಕರವೂ ಅಲ್ಲ. ಸೊಟ್ಟ ಮರಿಂಬ ಮನೆಯಲ್ಲಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಅಷ್ಟೇ. ಮೆಕೆಲ್‌ಗೆ ಒಳ್ಳೆಯ ಹೆಸರು ಬರುತ್ತದೆ. ಬರಲಿ. ಹೀಗೇ ಎಷ್ಟು ವರ್ಷ ಎಂದು ಅಜ್ಜಿ ಕೇಳಿದರೆ ಏನಾದರೂ ತಮಾಷೆ ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೆ. ಅವಳು ಕೇಳಲಿಲ್ಲ.

ಮಹಾಪ್ರಭುಗಳೇ, ಒಂದು ತಿದ್ದುಪಡಿ ಇದೆ. ಆಣೆ ಇಟ್ಟವನು, ಅದಕ್ಕೆ.

ಜನವರಿ ಹತ್ತೊಂಬತ್ತರಂದು ತಾತ ಪಟ್ಟಿಗಳ ಮೇಲೆ ಅಂಗೈ ಇಟ್ಟುಕೊಂಡು ನಿಂತದ್ದು ನಿಜ. ಕಿವಿ ಇರುವವನು ಯಾರೋ ಮುಟ್ಟಿದ್ದಾನೆ ಎಂದು ಅವರು ಹೇಳಲಿಲ್ಲ. ಅದನ್ನು ನಾನೇ ಬರೆದುಕೊಂಡೆ. ಅವರು ಕಾಫಿ ಇದೆಯಾ ಎಂದು ಕೇಳಿದರು.